ಚಿಟ್ಟೆಯ ಎರಡನೇ ರೆಕ್ಕೆ

ನಮ್ಮ ಮನೆಯಲ್ಲಿ ಮದುವೆ ಕಾರ್ಡುಗಳನ್ನು ಎಸೆಯಲು ನಾನು ಬಿಡುವುದಿಲ್ಲ. ಹೊಂಗೆ ಹೂ ಬಿಡುವ ಕಾಲ ಬಂತೆಂದರೆ ಅವೆಲ್ಲ ಹುಳಗಳಾಗುತ್ತವೆ. ಯಾರದೋ ಲಗ್ನಪತ್ರಿಕೆ ಮಿಡತೆಯಾಗುತ್ತದೆ, ಯಾರದೋ ಆರತಕ್ಷತೆ ಜೇನುನೊಣವಾಗುತ್ತದೆ. ಸಂಜೆ ಓಣಿಯ ಮಕ್ಕಳೆಲ್ಲ ಬಂದು ಅವನ್ನು ನಮ್ಮ ಬಾಗಿಲ ಮುಂದಿನ ಹೊಂಗೆಮರಕ್ಕೆ ದಾರದಲ್ಲಿ ಕಟ್ಟುತ್ತಾರೆ.

ಈ ಸಲ ಚಿಟ್ಟೆ ಮಾಡುವ ಸರದಿ ನನ್ನ ಮೊಮ್ಮಗಳು ಮೇದಿನಿಯದು. ಅವಳಿಗೆ ಆರು ವರ್ಷ. ಮೊದಲು ಒಂದು ಗುಲಗಂಜಿ ಹುಳ ಮಾಡಿ ಅದಕ್ಕೆ ಮೂರು ಸಲ ಕೆಂಪು ಬಳಿದಳು. ಸಾಕು ಎಂದರೂ ಕೇಳಲಿಲ್ಲ. ಆಮೇಲೆ ಚಿಟ್ಟೆ ಕತ್ತರಿಸಿ ಒಂದು ರೆಕ್ಕೆಗೆ ದಪ್ಪಗೆ ಬಣ್ಣ ಹಚ್ಚುವಷ್ಟರಲ್ಲಿ ಸೀಸೆ ಖಾಲಿ. ಭಾನುವಾರದ ಮಧ್ಯಾಹ್ನ, ಅಂಗಡಿಯೂ ಮುಚ್ಚಿತ್ತು.

"ಅಜ್ಜೀ, ಒಂದೇ ರೆಕ್ಕೆ ಆಯ್ತು! ಎಲ್ರೂ ನಗ್ತಾರೆ. ಇದನ್ನ ಹರಿದು ಹಾಕ್ತೀನಿ!" ಎಂದು ಅಳಲು ಶುರುಮಾಡಿದಳು.

ಅದನ್ನು ಸರಿಮಾಡುವ ಉಪಾಯ ನನಗೆ ಗೊತ್ತಿತ್ತು. ಆದರೆ ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬಂದೀತು? ಕಿರುಬೆರಳಿನಿಂದ ಆ ರೆಕ್ಕೆಯನ್ನು ಮುಟ್ಟಿ ನೋಡಿದೆ. ಬಣ್ಣ ಇನ್ನೂ ಹಸಿ ಇತ್ತು. ಅದು ಒಣಗುವುದರೊಳಗೆ ನಾನು ಒಂದು ಕಥೆ ಹೇಳಿ ಮುಗಿಸಬೇಕಿತ್ತು.

"ಆಮೇಲೆ ಹರಿಯುವೆಯಂತೆ, ಬಿಡವ್ವಾ. ಮೊದ್ಲು ಇಲ್ಲಿ ಕೇಳು" ಎಂದೆ.

ಆಗಿನ್ನೂ ಜಗತ್ತಿಗೆ ಬಣ್ಣ ಬಳಿದು ಮುಗಿದಿರಲಿಲ್ಲ. ಆಕಾಶ ನೀಲಿಯಾಗಿತ್ತು, ಎಲೆ ಹಸಿರಾಗಿತ್ತು. ಹುಳಗಳು ಮಾತ್ರ ಬೂದಿ ಬಣ್ಣದಲ್ಲೇ ಓಡಾಡುತ್ತಿದ್ದವು.

ಮೊದಲನೇ ವಸಂತ ಬಂದಾಗ ಭೂಮಿತಾಯಿ ಹೊಂಗೆಮರದ ಕೆಳಗೆ ಕೂತಳು. ತೆಂಗಿನ ಚಿಪ್ಪುಗಳಲ್ಲಿ ಬಣ್ಣ ಕಲಸಿಟ್ಟುಕೊಂಡು, "ಬನ್ನಿ ಮಕ್ಕಳೇ, ಒಬ್ಬೊಬ್ಬರಾಗಿ ಬನ್ನಿ" ಎಂದು ಕರೆದಳು.

ಹುಳಗಳೆಲ್ಲ ಸಾಲಾಗಿ ಬಂದವು. ಮಿಡತೆ ಹಸಿರು ಬಳಿಸಿಕೊಂಡು ಹಾರಿತು. ಜೇನುನೊಣ ಹಳದಿ ಪಟ್ಟೆ ಹಾಕಿಸಿಕೊಂಡು ಹಾರಿತು. ಇರುವೆಗೆ ಪುರುಸೊತ್ತೇ ಇರಲಿಲ್ಲ, "ಯಾವುದಾದರೂ ಬಳಿ ತಾಯಿ, ಕೆಲಸ ಇದೆ" ಎಂದು ಓಡಿತು.

ಆಮೇಲೆ ಜೀರ್ಜಿಂಬೆ ಬಂತು. ಅದಕ್ಕೆ ಒಂದು ಸಲ ಬಳಿದದ್ದು ಸಾಲಲಿಲ್ಲ. "ಇನ್ನೊಂದು ಕೈ ಬಳಿ ತಾಯಿ" ಎಂದಿತು. ಬಳಿದಳು. "ಇನ್ನೊಂದೇ ಒಂದು ಕೈ!" ಎಂದಿತು. ಅದನ್ನೂ ಬಳಿದಳು. ಜೀರ್ಜಿಂಬೆ ಬೆನ್ನು ಮಿರಮಿರ ಮಿಂಚುವಂತಾಯಿತು. ಚಿಪ್ಪುಗಳ ತಳ ಕಾಣತೊಡಗಿತು.

"ಅಜ್ಜೀ, ಜೀರ್ಜಿಂಬೆ ಅಂದ್ರೆ ನಾನಾ?" ಎಂದು ಮೇದಿನಿ ಮೂಗೊರೆಸಿಕೊಂಡು ಕೇಳಿದಳು.

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತಿ?" ಎಂದೆ. ಅವಳಿಗೆ ನಗು ಬಂತು. ನಾನು ಇನ್ನೊಮ್ಮೆ ಬಣ್ಣ ಮುಟ್ಟಿ ನೋಡಿದೆ. ಅಂಚಿನಲ್ಲಿ ಸ್ವಲ್ಪ ಒಣಗುತ್ತಿತ್ತು. ಕಥೆಯನ್ನು ಬೇಗ ಓಡಿಸಿದೆ.

ಎಲ್ಲರಿಗಿಂತ ಕೊನೆಗೆ ಬಂದದ್ದು ಚಿಟ್ಟೆ. ಪಾಪ, ಕಂಬಳಿಹುಳುವಾಗಿ ಗೂಡು ಕಟ್ಟಿಕೊಂಡು ಮಲಗಿದ್ದ ಅದಕ್ಕೆ ಎಚ್ಚರವಾದದ್ದೇ ಆಗ. ಎದ್ದಾಗಿನಿಂದ ಹೊಟ್ಟೆಯಲ್ಲಿ ಒಂದು ತೊಟ್ಟು ಜೇನಿಲ್ಲ.

ಭೂಮಿತಾಯಿ ಚಿಪ್ಪುಗಳ ತಳವನ್ನೆಲ್ಲ ಕೆರೆದಳು. ಕೆಂಪು ಸ್ವಲ್ಪ, ಹಳದಿ ಸ್ವಲ್ಪ, ಕಪ್ಪು ಒಂದು ಚುಕ್ಕೆ. ಒಂದು ರೆಕ್ಕೆ ಮುಗಿಯಿತು, ಬಣ್ಣವೂ ಮುಗಿಯಿತು.

"ಇದ್ದದ್ದು ಇಷ್ಟೇ ಮಗಾ" ಎಂದಳು. ಅವಳಿಗೂ ಸಂಕಟವಾಯಿತು.

ಚಿಟ್ಟೆ ಹಾರಲು ನೋಡಿತು. ಬಣ್ಣ ಬಳಿದ ರೆಕ್ಕೆ ಭಾರ, ಬಳಿಯದ ರೆಕ್ಕೆ ಹಗುರ. ಒಂದೇ ಕಡೆಗೆ ಗಿರಗಿರ ಸುತ್ತಿ ನೆಲಕ್ಕೆ ಬಿತ್ತು. ಮತ್ತೆ ಹಾರಿತು, ಮತ್ತೆ ಸುತ್ತಿತು, ಮತ್ತೆ ಬಿತ್ತು.

ಮೇಲಿನಿಂದ ಹೊಂಗೆ ಹೂಗಳು ಕೂಗಿದವು: "ಬೇಗ ಬಾರೇ! ಸಂಜೆಗೆ ನಾವೆಲ್ಲ ಉದುರಿ ಹೋಗುತ್ತೇವೆ. ಆಮೇಲೆ ನಿನಗೆ ಜೇನು ಕೊಡುವವರು ಯಾರು?"

ಕೊಂಬೆಯ ಮೇಲೆ ಕೂತಿದ್ದ ಜೀರ್ಜಿಂಬೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ನೋಡ್ರೋ, ಅರ್ಧ ಚಿಟ್ಟೆ!"

ಚಿಟ್ಟೆಗೆ ನಾಚಿಕೆಯಾಯಿತು. ಬಣ್ಣದ ರೆಕ್ಕೆಯನ್ನೂ ಬರಿ ರೆಕ್ಕೆಯನ್ನೂ ಬೆನ್ನಿನ ಮೇಲೆ ಒಂದಕ್ಕೊಂದು ಅಂಟಿಸಿ ಮಡಚಿಕೊಂಡು, ಒಂದು ಒಣಗಿದ ಎಲೆಯ ಪಕ್ಕದಲ್ಲಿ ಅವಿತುಕೊಂಡಿತು. ಅಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಿತು.

ಗಾಳಿ ಬಂದು ಹೇಳಿತು: "ರೆಕ್ಕೆ ತೆರೆ."

"ತೆರೆಯಲ್ಲ. ಎಲ್ಲರೂ ನಗುತ್ತಾರೆ."

"ಹೂವು ಉದುರುತ್ತಿದೆ. ರೆಕ್ಕೆ ತೆರೆ."

"ತೆರೆಯಲ್ಲ. ಮತ್ತೆ ಬೀಳುತ್ತೇನೆ."

ಒಂದು ಹೂವು ಉದುರಿ ಚಿಟ್ಟೆಯ ಮುಂದೆಯೇ ಬಿತ್ತು. ಇನ್ನೊಂದು ಬಿತ್ತು. ಚಿಟ್ಟೆ ತಲೆಯೆತ್ತಿ ಮರ ನೋಡಿತು. ಹಸಿವು ನಾಚಿಕೆಗಿಂತ ದೊಡ್ಡದು, ಮೇದಿನಿ. ನಗುವವರು ನಗಲಿ, ಬಿದ್ದರೆ ಬೀಳುತ್ತೇನೆ ಎಂದುಕೊಂಡು ಚಿಟ್ಟೆ ಎದ್ದು ನಿಂತಿತು.

ಅಷ್ಟು ಹೇಳಿ ನಾನು ಸುಮ್ಮನಾದೆ.

"ಆಮೇಲೆ ಅಜ್ಜಿ? ಬಿತ್ತಾ?"

ಅವಳು ನನ್ನ ಮುಖ ನೋಡಿದಳು, ತನ್ನ ಚಿಟ್ಟೆಯನ್ನು ನೋಡಿದಳು. ಒಂದು ಕಡೆ ಕೆಂಪು ಹೊಳೆಯುತ್ತಿತ್ತು, ಇನ್ನೊಂದು ಕಡೆ ಬರಿ ಬಿಳಿ. ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದಳು. ನನಗೋ ಒಳಗೊಳಗೇ ಆತಂಕ, ಬಣ್ಣ ಒಣಗಿಬಿಟ್ಟರೆ ಕಥೆಯೂ ಕೆಟ್ಟಿತು, ಚಿಟ್ಟೆಯೂ ಕೆಟ್ಟಿತು.

"ಅಜ್ಜೀ, ಮಡಚಿತ್ತು ಅಂದ್ಯಲ್ಲ! ಬಣ್ಣ ಹಸಿ ಇತ್ತಾ?"

"ಇತ್ತವ್ವಾ."

ಅವಳು ಕಾರ್ಡನ್ನು ಸರಿಯಾಗಿ ನಡುವೆ ಮಡಚಿ, ಎರಡೂ ಅಂಗೈಗಳ ನಡುವೆ ಇಟ್ಟು ಒತ್ತಿದಳು. ಕಣ್ಣು ಮುಚ್ಚಿ ಒತ್ತಿದಳು. ಆಮೇಲೆ ಮೆಲ್ಲಗೆ ತೆರೆದಳು.

ಅಲ್ಲಿದ್ದ ಕೆಂಪು ಇಲ್ಲಿಗೂ ಬಂದಿತ್ತು. ಅಲ್ಲಿದ್ದ ಗೆರೆ ಇಲ್ಲಿಯೂ ಇತ್ತು. ಬಣ್ಣ ಮೊದಲಿಗಿಂತ ತೆಳು, ಆದರೆ ಎರಡೂ ರೆಕ್ಕೆ ಒಂದೇ ಸಮ.

"ಇದೇ ಆಗಿದ್ದು! ಚಿಟ್ಟೆಗೂ ಇದೇ ಆಗಿದ್ದು!" ಎಂದು ಕುಣಿದಳು.

ಇದೇ ಆಗಿದ್ದು. ಇದ್ದ ಬಣ್ಣ ಎರಡು ಪಾಲಾಯಿತು, ಭಾರವೂ ಎರಡು ಪಾಲಾಯಿತು. ಚಿಟ್ಟೆ ನೆಟ್ಟಗೆ ಮೇಲೇರಿ, ಹೂವಿಗೆ ಬಾಯಿಟ್ಟು ಹೊಟ್ಟೆ ತುಂಬ ಕುಡಿಯಿತು. ಜೀರ್ಜಿಂಬೆ ನಗುವುದನ್ನು ಮರೆತು ನೋಡುತ್ತಾ ಕೂತಿತು. ಭೂಮಿತಾಯಿ ಖಾಲಿ ಚಿಪ್ಪುಗಳನ್ನು ಬೋರಲು ಹಾಕಿ, "ನನಗೇ ಹೊಳೆಯಲಿಲ್ಲವಲ್ಲ!" ಎಂದು ನಕ್ಕಳು.

ಸಂಜೆ ಓಣಿಯ ಮಕ್ಕಳು ಬಂದರು. ಮೇದಿನಿಯ ಚಿಟ್ಟೆಯನ್ನು ಹೊಂಗೆಮರದ ಎಲ್ಲಕ್ಕಿಂತ ಮೇಲಿನ ದಾರಕ್ಕೆ ಕಟ್ಟಿದೆವು. ಯಾರೂ ನಗಲಿಲ್ಲ, "ಹ್ಯಾಂಗ್ ಮಾಡಿದ್ಯೇ?" ಎಂದು ಎಲ್ಲರೂ ಅವಳನ್ನು ಮುತ್ತಿಕೊಂಡರು. ಅವಳು ನನ್ನ ಕಡೆ ನೋಡಿ, "ಮೊದ್ಲು ಕಥೆ ಕೇಳ್ರಿ" ಎಂದಳು. ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಅದಕ್ಕೇ ಮಕ್ಕಳೇ, ಇವತ್ತಿಗೂ ಚಿಟ್ಟೆ ಹೂವಿನ ಮೇಲೆ ಕೂತರೆ ರೆಕ್ಕೆಗಳನ್ನು ಒಮ್ಮೆ ಮಡಚಿ ಒಮ್ಮೆ ತೆರೆದು ಎರಡೂ ಸಮ ಇವೆಯೇ ಎಂದು ನೋಡಿಕೊಳ್ಳುತ್ತದೆ. ಅದನ್ನು ಹಿಡಿಯಬೇಡಿ, ಹಿಡಿದರೆ ಬೆರಳಿಗೆ ಬಣ್ಣ ಹತ್ತುತ್ತದೆ, ಏಕೆಂದರೆ ಭೂಮಿತಾಯಿ ಅಂದು ಬಳಿದದ್ದು ಇನ್ನೂ ಒಣಗಿಲ್ಲ.