ಗೆದ್ದ ಆಟದ ತಪ್ಪು

“ಗುರುಗಳೇ, ಸೋತ ಆಟವನ್ನು ಫೋನಿನಲ್ಲಿರುವ ಯಂತ್ರಕ್ಕೆ ತೋರಿಸಿ ತಪ್ಪು ತಿದ್ದಿಕೊಳ್ಳುವುದು ಸರಿ. ಗೆದ್ದ ಆಟವನ್ನೂ ತೋರಿಸು ಎನ್ನುತ್ತೀರಲ್ಲ, ಅದೇಕೆ?” ಎಂದು ಚದುರಂಗ ಕಲಿಯಲು ಬರುತ್ತಿದ್ದ ರುದ್ರಮುನಿ ಕೇಳಿದ.

ಗುರುಗಳಾದ ಓಬಳೇಶಪ್ಪನವರು ಕೈಯಲ್ಲಿದ್ದ ಕಾಯಿಯನ್ನು ಮಣೆಯ ಮೇಲಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ, ಒಬ್ಬ ಬಳೆ ವ್ಯಾಪಾರಿ ಇದ್ದರು. ಇಬ್ಬರಿಗೂ ಚದುರಂಗದ ಹುಚ್ಚು. ಅಂಗಡಿ ಬಾಗಿಲು ಹಾಕಿದ ಮೇಲೆ ದಿನವೂ ಆಡುತ್ತಿದ್ದರು. ಆಟ ಮುಗಿದರೂ ಏಳುತ್ತಿರಲಿಲ್ಲ. ಮತ್ತೆ ಕಾಯಿ ಜೋಡಿಸಿ, ಯಾರು ಎಲ್ಲಿ ತಪ್ಪಿದರು ಎಂದು ಇಬ್ಬರೂ ಸೇರಿ ನೋಡುವುದು ಅವರ ರೂಢಿ. ಆಟಕ್ಕಿಂತ ಆ ಜಗಳವೇ ಹೆಚ್ಚು ಹೊತ್ತು ನಡೆಯುತ್ತಿತ್ತು.

ಊರಿನ ಪಂದ್ಯದಲ್ಲಿ ಮಾತ್ರ ಪ್ರತಿ ವರ್ಷ ದರ್ಜಿಯೇ ಗೆಲ್ಲುತ್ತಿದ್ದ. ಒಂದು ವರ್ಷ ಕೊನೆಯ ಸುತ್ತಿನಲ್ಲಿ ಮತ್ತೆ ಹಾಗೆಯೇ ಆಯಿತು. ಅಂದು ವ್ಯಾಪಾರಿ ಕೈ ಕುಲುಕಿದ, ಆದರೆ ಕಾಯಿ ಜೋಡಿಸಲು ಕೂರಲಿಲ್ಲ. “ನನ್ನ ತಲೆಗೆ ಇದು ಹತ್ತುವುದಿಲ್ಲ ಕಣಯ್ಯ. ಇವತ್ತಿಗೆ ಈ ಆಟ ಬಿಟ್ಟೆ” ಎಂದು ಹೊರಟುಹೋದ. ಮರುದಿನ ಬರಲಿಲ್ಲ. ಆಮೇಲೆಯೂ ಬರಲಿಲ್ಲ.

ದರ್ಜಿಯ ಫೋನಿನಲ್ಲಿ, ಆಡಿದ ಆಟವನ್ನು ಪರಿಶೀಲಿಸುವ ತಂತ್ರಾಂಶವಿತ್ತು. ಸೋತಾಗ ಅದರ ಮುಂದೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದ. ಗೆದ್ದಾಗ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಗೆದ್ದವನಿಗೆ ತನ್ನ ತಪ್ಪು ಹುಡುಕುವ ಪುರುಸೊತ್ತು ಎಲ್ಲಿಂದ ಬರಬೇಕು? ಆದರೆ ಈಗ ಜೊತೆಗೆ ಕೂರುವವನಿಲ್ಲ, ಸಂಜೆ ಹೊತ್ತು ಹೋಗುವುದಿಲ್ಲ. ಹೊಗಳಿಸಿಕೊಳ್ಳುವ ಆಸೆಯೂ ಸ್ವಲ್ಪ ಸೇರಿತು. ಆ ಗೆದ್ದ ಆಟವನ್ನು ನೆನಪಿನಿಂದಲೇ ಒಂದೊಂದು ನಡೆಯಾಗಿ ಯಂತ್ರಕ್ಕೆ ಹಾಕಿದ.

ಯಂತ್ರಕ್ಕೆ ದಾಕ್ಷಿಣ್ಯವೆಲ್ಲಿಯದು! ಆಟದ ನಡುವೆ ದರ್ಜಿ ತನ್ನ ಆನೆಯನ್ನು ಕಾವಲಿಲ್ಲದೆ ಬಿಟ್ಟಿದ್ದನ್ನು ಅದು ತೋರಿಸಿತು. ವ್ಯಾಪಾರಿ ಮಂತ್ರಿಯಿಂದ ಆ ಆನೆಯನ್ನು ಹೊಡೆದಿದ್ದರೆ ದರ್ಜಿಯ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ದರ್ಜಿಯ ಮುಖ ಬಾಡಿತು. ಬಟ್ಟೆ ಹೊಲಿಸಲು ಬಂದವರೆಲ್ಲ ಅವನು ಗೆದ್ದ ಕಪ್ ನೋಡಿ ಹೊಗಳಿ ಹೋಗುತ್ತಿದ್ದರು. ತಾನು ಬಾಯಿ ಬಿಡದಿದ್ದರೆ ಈ ತಪ್ಪು ಯಾರಿಗೂ ತಿಳಿಯುವುದಿಲ್ಲ. ಬಿಟ್ಟರೆ ಊರೆಲ್ಲ ಆಡಿಕೊಳ್ಳುತ್ತದೆ. ಆದರೆ ಅತ್ತ ಒಬ್ಬ, ತನಗೆ ಆಟವೇ ಬರುವುದಿಲ್ಲ ಎಂದು ನಂಬಿ ಕೂತಿದ್ದಾನೆ. ದರ್ಜಿಗೆ ತಡೆಯಲಾಗಲಿಲ್ಲ. ಮಣೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಬಳೆ ಅಂಗಡಿಗೆ ನಡೆದ.

ಗಿರಾಕಿಗಳ ಎದುರಿನಲ್ಲೇ ಕಾಯಿ ಜೋಡಿಸಿ, “ಇಲ್ಲಿ ನೋಡು. ಗೆಲ್ಲಬೇಕಾದವನು ನೀನು. ಈ ಆನೆ ನಿನ್ನ ಕಣ್ಣಿಗೆ ಬೀಳಲಿಲ್ಲವಾ?” ಎಂದ.

ವ್ಯಾಪಾರಿ ಮಣೆಯತ್ತ ಬಗ್ಗಿದ. “ಬಿದ್ದಿತ್ತಪ್ಪ. ಆದರೆ ಬಿಟ್ಟವನು ನೀನಲ್ಲವಾ! ಇದರ ಹಿಂದೆ ಏನೋ ಹೂಡಿದ್ದೀಯ ಅಂತ ಹೆದರಿ ಮುಟ್ಟಲಿಲ್ಲ. ನೀನೂ ಮೈಮರೆಯುತ್ತೀಯ ಅಂತ ನನಗೆ ಹೊಳೆಯಲೇ ಇಲ್ಲ” ಎಂದ.

ದರ್ಜಿಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ತನ್ನ ಜಾಣತನದಿಂದ ಗೆದ್ದೆ ಎಂದುಕೊಂಡಿದ್ದ. ಅವನನ್ನು ಗೆಲ್ಲಿಸಿದ್ದು ಗೆಳೆಯ ಅವನ ಮೇಲೆ ಇಟ್ಟಿದ್ದ ಗೌರವ. ವ್ಯಾಪಾರಿಯ ಎರಡೂ ಕೈಗಳನ್ನು ಹಿಡಿದುಕೊಂಡ. ಇದನ್ನು ತೋರಿಸಿಕೊಟ್ಟ ಯಂತ್ರಕ್ಕೂ ಮನಸ್ಸಿನಲ್ಲೇ ಕೈ ಮುಗಿದ. ಅಂದು ಸಂಜೆ ಇಬ್ಬರೂ ಮತ್ತೆ ಆಟಕ್ಕೆ ಕೂತರು, ಮತ್ತೆ ಜಗಳವಾಡಿದರು. ಮುಂದಿನ ವರ್ಷದ ಪಂದ್ಯದಲ್ಲಿ ವ್ಯಾಪಾರಿ ಹೆದರಲಿಲ್ಲ. ಕಪ್ ಬಳೆ ಅಂಗಡಿಗೆ ಹೋಯಿತು. ಅದನ್ನು ಹೊತ್ತು ತಂದು ಇಟ್ಟವನು ದರ್ಜಿಯೇ.

ಗುರುಗಳು ಕತೆ ನಿಲ್ಲಿಸಿದರು. ರುದ್ರಮುನಿಗೆ ಸಮಾಧಾನವಾಗಲಿಲ್ಲ.

“ದರ್ಜಿ ತಾನಾಗಿ ಹೋಗಿ ಕಪ್ ಕಳೆದುಕೊಂಡಂತಾಯಿತಲ್ಲ ಗುರುಗಳೇ. ಬಾಯಿ ಮುಚ್ಚಿಕೊಂಡಿದ್ದರೆ ಪ್ರತಿ ವರ್ಷ ಅವನೇ ಗೆಲ್ಲುತ್ತಿದ್ದ.”

ಓಬಳೇಶಪ್ಪನವರು ಅವನ ಮುಖ ನೋಡಿದರು.

“ಎದುರಿಗೆ ಕೂರುವವನೇ ಎದ್ದು ಹೋದ ಮೇಲೆ ಯಾರನ್ನು ಗೆಲ್ಲುತ್ತೀಯಪ್ಪಾ?”