ಜಗಲಿಗೆ ಹೋದ ಹಾಸಿಗೆ

ಶಿಷ್ಯೆ ತನ್ನ ವೈದ್ಯಗುರುವನ್ನು ಕೇಳಿದಳು: "ಗುರುಗಳೇ, ಕ್ಯಾನ್ಸರಿನಿಂದ ಗುಣವಾಗಿ ಬರುವ ಹೆಂಗಸರು ಊಟ, ಸುಸ್ತು, ಮಾತ್ರೆ ಎಲ್ಲದರ ಬಗ್ಗೆಯೂ ನನ್ನೊಡನೆ ಮಾತಾಡುತ್ತಾರೆ. ಗಂಡನ ಜೊತೆಗಿನ ಸುಖದ ಮಾತನ್ನು ಮಾತ್ರ ಒಬ್ಬರೂ ಎತ್ತುವುದಿಲ್ಲ. ಅವರೇ ಎತ್ತದ ಮಾತನ್ನು ನಾನು ಎತ್ತಬೇಕೆ? ಜೀವ ಉಳಿದದ್ದೇ ಅವರಿಗೆ ಸಾಕಾಗಿರಬಹುದಲ್ಲವೇ?"

ಮುದಿ ವೈದ್ಯರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಬಹಳ ವರ್ಷದ ಹಿಂದಿನದು ಎಂದು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಸೈಕಲ್ಲಿನ ಮೇಲೆ ಬಳೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರುತ್ತಿದ್ದ. ಅವನ ಹೆಂಡತಿ ಬಾಳವ್ವ. ಮದುವೆಯಾದ ಹೊಸತರಲ್ಲಿ ಅವರಿಗೆ ಒಂದು ರೂಢಿ ಬಿದ್ದಿತ್ತು. ಸಂತೆಯಿಲ್ಲದ ದಿನ ಮಧ್ಯಾಹ್ನ ಊಟವಾದ ಮೇಲೆ, ಮಾರಾಟವಾಗದೆ ಉಳಿದ ಒಂಟಿ ಬಳೆಗಳನ್ನೆಲ್ಲ ಅವನು ಅವಳ ಕೈಗೆ ತೊಡಿಸುತ್ತಿದ್ದ. ಕೆಂಪಿನ ಪಕ್ಕ ಹಳದಿ, ಹಳದಿಯ ಪಕ್ಕ ಹಸಿರು. ಹೀಗೆ ತೊಟ್ಟು ನೀರಿಗೆ ಹೋದರೆ ಓಣಿಯವರು ನಗುತ್ತಾರೆ ಎಂದು ಅವಳೇ ನಗುತ್ತಿದ್ದಳು. ಆಮೇಲೆ ಕದ ಮುಚ್ಚುತ್ತಿತ್ತು. ಮಕ್ಕಳಾದರು, ಶಾಲೆಗೆ ಹೋಗುವಷ್ಟಾದರು. ಆ ಮಧ್ಯಾಹ್ನಗಳು ಮಾತ್ರ ತಪ್ಪಲಿಲ್ಲ. ಅವು ತಮ್ಮವು ಎಂದು ಇಬ್ಬರಿಗೂ ಗೊತ್ತಿತ್ತು, ಯಾರ ಎದುರೂ ಹೇಳಿದವರಲ್ಲ.

ನಲವತ್ತೆರಡನೆಯ ವಯಸ್ಸಿನಲ್ಲಿ ಬಾಳವ್ವನಿಗೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂತು. ಬಳೆಗಾರ ಸಂತೆ ಬಿಟ್ಟ. ಪಟ್ಟಣದ ಆಸ್ಪತ್ರೆಯಲ್ಲಿ ಐದು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಅಷ್ಟು ದಿನವೂ ಅವನು ಪಕ್ಕದ ಛತ್ರದಲ್ಲಿದ್ದು ತಾನೇ ಗಂಜಿ ಕಾಯಿಸಿ ತರುತ್ತಿದ್ದ. ರೋಗ ಹೋಯಿತು. ಬಾಳವ್ವ ಮನೆಗೆ ಬಂದಳು.

ಕೆಲವು ತಿಂಗಳ ನಂತರ ಅವರು ಮತ್ತೆ ಕೂಡಿದರು. ಅವಳಿಗೆ ಚಾಕುವಿನಿಂದ ಕೊಯ್ದಂತಾಯಿತು. ಹಲ್ಲು ಕಚ್ಚಿ ಹಿಡಿದರೂ ಕೂಗು ಹೊರಬಂತು. ಸೀರೆಯ ಮೇಲೆ ರಕ್ತ ಕಂಡು ಗಂಡ ಬಿಳಿಚಿಕೊಂಡ. ಮರುದಿನ ತನ್ನ ಹಾಸಿಗೆಯನ್ನು ಜಗಲಿಗೆ ಒಯ್ದ. ಸೆಕೆ ಎಂದ. ಚಳಿಗಾಲ ಬಂದಾಗಲೂ ಹಾಸಿಗೆ ಅಲ್ಲಿಯೇ ಇತ್ತು.

ಊರೂರಿನ ಹೆಂಗಸರ ಕೈ ಹಿಡಿದು ಬಳೆ ತೊಡಿಸುವವನು, ಹೆಂಡತಿಯಿಂದ ನೀರಿನ ತಂಬಿಗೆ ಇಸಿದುಕೊಳ್ಳುವಾಗ ಬೆರಳು ತಾಗದಂತೆ ನೋಡಿಕೊಳ್ಳುತ್ತಿದ್ದ. ಅವಳ ಕಣ್ಣಿಗೆ ಅದು ಬಿತ್ತು. ಒಳ್ಳೆಯ ಮನುಷ್ಯ, ಬಿಟ್ಟುಹೋಗಲಿಲ್ಲ, ಅಷ್ಟೇ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಮಧ್ಯಾಹ್ನ ಒಬ್ಬಳೇ ಕೂತಾಗ ಹಳೆಯ ದಿನಗಳು ನೆನಪಾಗುತ್ತಿದ್ದವು. ಅವು ಬೇರೆ ಯಾವಳೋ ಹೆಂಗಸು ಬಾಳಿದ ದಿನಗಳು ಅನ್ನಿಸುತ್ತಿತ್ತು. ಒಮ್ಮೆ ಅವನಿಗೆ ಊಟ ಬಡಿಸುತ್ತ, "ನೀವು ಇನ್ನೊಂದು ಮದಿವಿ ಮಾಡ್ಕೊಳ್ರಿ," ಎಂದಳು. ಅವನು ಗಂಗಾಳ ಬಿಟ್ಟು ಎದ್ದುಹೋದ.

ಹೀಗೆ ನಾಲ್ಕು ವರ್ಷ ಕಳೆಯಿತು. ತಪಾಸಣೆಗೆ ಹೋದಾಗಲೆಲ್ಲ ವೈದ್ಯ ರೋಗ ಮರಳಿಲ್ಲ ಎನ್ನುತ್ತಿದ್ದ. ಇಬ್ಬರೂ ಕೈಮುಗಿದು ಬರುತ್ತಿದ್ದರು.

ಐದನೆಯ ವರ್ಷ ಆ ಆಸ್ಪತ್ರೆಗೆ ಹೊಸ ನರ್ಸ್ ಬಂದಿದ್ದಳು, ನಡುವಯಸ್ಸಿನವಳು. ಅವಳು ಬಾಗಿಲು ಹಾಕಿ, ಬಾಳವ್ವನ ಪಕ್ಕದಲ್ಲಿಯೇ ಕೂತು ಕೇಳಿದಳು: "ಅಕ್ಕಾ, ಯಜಮಾನ್ರ ಜೋಡಿ ಕೂಡೂವಾಗ ನೋವಾಗತೈತೇನು?"

ಬಾಳವ್ವ ಸೆರಗು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಎಲ್ಲವನ್ನೂ ಹೇಳಿದಳು.

ನರ್ಸ್ ಬಳೆಗಾರನನ್ನು ಒಳಗೆ ಕರೆದಳು. ಕರೆಂಟು ಕೊಟ್ಟ ಮೇಲೆ ಒಳಗಿನ ದಾರಿ ಒಣಗಿ ಬಿಗಿಯುತ್ತದೆ, ಬಹಳ ಹೆಂಗಸರಿಗೆ ಹೀಗಾಗುತ್ತದೆ ಎಂದು ತಿಳಿಸಿದಳು. ಅದಕ್ಕೆ ಹಚ್ಚುವ ಜೆಲ್ ಇದೆ, ದಾರಿಯನ್ನು ಮೆಲ್ಲಮೆಲ್ಲಗೆ ಸಡಿಲಿಸುವ ಸಾಧನವಿದೆ, ಬಳಸುವುದನ್ನು ತಾನೇ ಕಲಿಸುತ್ತೇನೆ ಎಂದಳು. ಕೂಡಿದರೆ ಕ್ಯಾನ್ಸರ್ ಮರಳುವುದಿಲ್ಲ, ಗಂಡನಿಗೆ ಅಂಟುವುದೂ ಇಲ್ಲ, ಅವಸರ ಮಾತ್ರ ಬೇಡ ಎಂದಳು.

ಬಳೆಗಾರ ನೆಲ ನೋಡುತ್ತ ಹೇಳಿದ: "ನಾ ಮುಟ್ಟಿದ್ರ ಬ್ಯಾನಿ ತಿರುಗಿ ಬರತೈತಿ ಅಂತ ತಿಳ್ಕೊಂಡಿದ್ದೆ. ಇಕಿ ಉಳದ್ರ ಸಾಕು ಅಂತ ದೂರ ಇದ್ದೆ."

ಬಾಳವ್ವ ಅವನ ಕಡೆ ತಿರುಗಿದಳು. "ನನ್ನ ಕಂಡ್ರ ನಿಮಗ ಹೇಸಿಕಿ ಅಂತ ನಾ ತಿಳ್ಕೊಂಡಿದ್ದೆ," ಎಂದಳು.

ಹಾಸಿಗೆ ಒಳಗೆ ಬಂತು. ಗುಣ ಕಾಣಲು ತಿಂಗಳುಗಳೇ ಬೇಕಾದವು. ಎಷ್ಟೋ ದಿನ ಅವರು ಸುಮ್ಮನೆ ಅಕ್ಕಪಕ್ಕ ಮಲಗಿ, ತೀರಿಹೋದ ಅತ್ತೆಯ ಮಾತು, ಮೊದಲ ಸಲ ಇಬ್ಬರೂ ಕೂಡಿ ಸಂತೆಗೆ ಹೋದಾಗ ದಾರಿ ತಪ್ಪಿದ ಮಾತು ಆಡುತ್ತಿದ್ದರು. ಎಲ್ಲವೂ ಹಿಂದಿನಂತಾಗಲಿಲ್ಲ. ಕೆಲವು ಸಲ ನೋವಾಗುತ್ತಿತ್ತು. ಆಗ ಅವಳು ಹೇಳುತ್ತಿದ್ದಳು, ಅವನು ನಿಲ್ಲುತ್ತಿದ್ದ. ವರ್ಷ ತುಂಬುವಷ್ಟರಲ್ಲಿ ಅವರು ಮತ್ತೆ ಗಂಡಹೆಂಡಿರಾಗಿದ್ದರು. ಹೋದ ನಾಲ್ಕು ವರ್ಷಕ್ಕಾಗಿ ಅವರು ಯಾರನ್ನೂ ದೂರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಹೇಳಿದಳು: "ಪಾಪ, ಆಕೆ ಮೊದಲ ವರ್ಷವೇ ಬಾಯಿ ಬಿಟ್ಟು ಹೇಳಿದ್ದರೆ ಇಷ್ಟು ಕಾಲ ಕಳೆದುಕೊಳ್ಳುತ್ತಿರಲಿಲ್ಲ."

ಗುರು ಹೇಳಿದರು: "ಮೊದಲ ವರ್ಷವೇ ನನ್ನ ಎದುರು ಕೂತು ನಿದ್ದೆ ಬರುತ್ತಿಲ್ಲ ಎಂದಿದ್ದಳು, ನಾನು ಮಾತ್ರೆ ಬರೆದುಕೊಟ್ಟೆ."