ಸಾವಕಾರರ ಖಾಲಿ ಪೆಟ್ಟಿಗೆ

ಕೊಟ್ರಪ್ಪ ಎಂಬ ಹತ್ತಿ ವ್ಯಾಪಾರಿ ಇದ್ದರು. ಊರವರ ಬಾಯಲ್ಲಿ ಅವರು ಸಾವಕಾರರು. ಕೈ ಬಹಳ ಧಾರಾಳ. ಆದರೆ ಕೊಟ್ಟದ್ದರ ಮೇಲೆಲ್ಲ ಅವರ ಹೆಸರು ಇರಲೇಬೇಕು. ಶಾಲೆಗೆ ಫ್ಯಾನು ಕೊಟ್ಟಾಗ ರೆಕ್ಕೆಯ ಮೇಲೆ ಹೆಸರು ಬರೆಸಿದರು. ತಿರುಗುವ ಫ್ಯಾನಿನ ಮೇಲೆ ಯಾರು ಓದುತ್ತಾರೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅದೇ ಊರಿನಲ್ಲಿ ಕಸ್ತೂರಿ ಎಂಬ ದನದ ಡಾಕ್ಟರ್ ಇದ್ದರು. ಕಪ್ಪತಗುಡ್ಡದ ಸುತ್ತ ಕುರಿ ಮೇಯಿಸುತ್ತ ಅಲೆಯುವ ಕುರಿಗಾರರ ಹಿಂದೆ ಅವರೂ ಅಲೆಯುತ್ತಿದ್ದರು. ಅದಕ್ಕೆಂದೇ ಊರಿನ ಸಂಘದವರು ಒಂದು ಕ್ಯಾರವಾನ್ ಮಾಡಿಸಿಕೊಟ್ಟಿದ್ದರು. ಜೀಪಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ ಅದು. ಒಳಗೆ ಔಷಧದ ಕಪಾಟು, ಲಸಿಕೆಯ ಫ್ರಿಜ್ಜು, ಮಲಗಲು ಒಂದು ಮಂಚ.

ಸಂಘದವರು ಇಷ್ಟು ಮಾಡಿದಾಗ ಸಾವಕಾರರು ಸುಮ್ಮನಿರುತ್ತಾರೆಯೇ? ಅವರೂ ಒಂದು ದಾನ ಕೊಟ್ಟರು. ಜೀಪಿನ ನೆತ್ತಿಯ ಮೇಲೆ ಕೂರಿಸುವ ಉದ್ದನೆಯ ಕೆಂಪು ಪೆಟ್ಟಿಗೆ. ಎದುರು ಬರುವವರಿಗೂ ಪಕ್ಕದಲ್ಲಿ ನಿಂತವರಿಗೂ ಕಾಣುವಂತೆ ಹಳದಿ ಅಕ್ಷರ: ‘ದಾನಿಗಳು: ಕೊಟ್ರಪ್ಪ ಸಾವಕಾರರು.’

ಡಾಕ್ಟರಿಗೆ ಅದರಲ್ಲಿ ಇಡಲು ಏನೂ ಇರಲಿಲ್ಲ. ಬೇಕಾದದ್ದೆಲ್ಲ ಕ್ಯಾರವಾನಿನಲ್ಲೇ ಹಿಡಿಸುತ್ತಿತ್ತು. ಆದರೆ ಪೆಟ್ಟಿಗೆ ಬಂದಂದಿನಿಂದ ಡೀಸೆಲ್ ಬೇಗ ಬೇಗ ಮುಗಿಯತೊಡಗಿತು. ಇಳಿಸಿಬಿಡೋಣ ಎಂದು ಡಾಕ್ಟರ್ ಸಂಘದವರನ್ನು ಕೇಳಿದರು.

“ಬ್ಯಾಡ್ರಿ ಡಾಕ್ಟರವ್ವಾರ, ಸಾವಕಾರ್ರು ಬ್ಯಾಸರ ಮಾಡ್ಕೊತಾರ. ಖಾಲಿ ಪೆಟ್ಟಿಗಿ ಎಷ್ಟು ಭಾರ ಆದೀತು?” ಎಂದರು ಸಂಘದವರು. ಪೆಟ್ಟಿಗೆ ಅಲ್ಲೇ ಉಳಿಯಿತು.

ಆಷಾಢ ಬಂತು. ಗುಡ್ಡದ ಆಚೆ ಒಂದು ಹಿಂಡಿಗೆ ಹಿರೇಬೇನೆ ತಗುಲಿತು. ಜ್ವರ, ಭೇದಿ, ಬಾಯಿಹುಣ್ಣು. ಬಂತೆಂದರೆ ಹಿಂಡಿಗೆ ಹಿಂಡೇ ಮಲಗುವ ರೋಗ. ಪಕ್ಕದಲ್ಲೇ ಮಾಳಪ್ಪ ಎಂಬ ಕುರಿಗಾರ ಬೀಡುಬಿಟ್ಟಿದ್ದ. ಅವನ ಕುರಿಗಳಿಗೆ ಇನ್ನೂ ತಗುಲಿರಲಿಲ್ಲ. “ಇವತ್ತೇ ಬರ್ರಿ ಅವ್ವಾ” ಎಂದು ಫೋನಿನಲ್ಲಿ ಅಂಗಲಾಚಿದ.

ಡಾಕ್ಟರ್ ಲಸಿಕೆ ತುಂಬಿಕೊಂಡು ಹೊರಟರು. ತಮ್ಮ ಪೆಟ್ಟಿಗೆ ಊರೂರು ಹೇಗೆ ಮೆರೆಯುತ್ತದೆಂದು ನೋಡುವ ಆಸೆಯಿಂದ ಸಾವಕಾರರೂ ಜೀಪು ಹತ್ತಿದರು.

ಬಯಲಿಗೆ ಬಂದೊಡನೆ ಗಾಳಿ ಎದುರಾಯಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು. ನೆತ್ತಿಯ ಮೇಲೆ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಡೀಸೆಲ್ಲಿನ ಮುಳ್ಳು ಕಣ್ಣೆದುರೇ ಇಳಿಯುತ್ತಿತ್ತು. ಯಾವಾಗಲೂ ಡೀಸೆಲ್ ಹಾಕಿಸುವ ಬಂಕಿನ ಮುಂದೆ ‘ಸ್ಟಾಕ್ ಇಲ್ಲ’ ಎಂಬ ಹಲಗೆ ತೂಗುತ್ತಿತ್ತು. ಇನ್ನೊಂದು ಬಂಕು ಇದ್ದದ್ದು ಬಯಲಿನ ಆಚೆ ದಂಡೆಯಲ್ಲಿ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಡೀಸೆಲ್ ಮುಗಿಯುತ್ತ ಬಂತೆಂದು ಮುಳ್ಳಿನ ಪಕ್ಕದ ಕೆಂಪು ದೀಪ ಹತ್ತಿತು. ಡಾಕ್ಟರ್ ಒಂದು ಚಹಾದಂಗಡಿಯ ಮುಂದೆ ಜೀಪು ನಿಲ್ಲಿಸಿದರು.

“ಹಿಂದಿನ ಮನಿ ಬಿಚ್ಚಿ ಇಲ್ಲೇ ಬಿಡೋಣ್ರಿ,” ಎಂದರು ಸಾವಕಾರರು. “ಬರೇ ಜೀಪು ತಗೊಂಡು ಹೋಗಿ ಡೀಸೆಲ್ ತರೋಣು.”

“ಫ್ರಿಜ್ಜಿಗೆ ಕರೆಂಟು ಜೀಪಿಂದ ಹೋಗತೈತ್ರಿ. ಬಿಚ್ಚಿ ಹೋದ್ರ ನಾವು ಬರೂದ್ರೊಳಗ ಲಸಿಕಿ ಕೆಡತೈತಿ. ಕೆಟ್ಟ ಲಸಿಕಿ ಚುಚ್ಚೂದೂ ಒಂದೇ, ನೀರು ಚುಚ್ಚೂದೂ ಒಂದೇ.”

“ಹಂಗಾರ ಬ್ಯಾರೆ ಏನು ಇಳಿಸಬಹುದು?”

ಡಾಕ್ಟರ ಕಣ್ಣು ಒಮ್ಮೆ ಜೀಪಿನ ನೆತ್ತಿಗೆ ಹೋಗಿ ಕೆಳಗೆ ಬಂತು.

ಸಾವಕಾರರ ಮುಖ ಸಣ್ಣದಾಯಿತು. “ಅದು ಖಾಲಿ ಐತಲ್ಲ ಡಾಕ್ಟರ?”

“ಗಾಳಿ ಮುಚ್ಚಳ ತಗದು ನೋಡಂಗಿಲ್ರಿ ಸಾವಕಾರ್ರ. ತುಂಬಿದ್ರೂ ಬಡೀತೈತಿ, ಖಾಲಿ ಇದ್ರೂ ಬಡೀತೈತಿ. ಅದನ್ನ ಸೀಳ್ಕೊಂಡು ಹೋಗಾಕ ಎಂಜಿನ್ನು ಡೀಸೆಲ್ ಕುಡೀಬೇಕು. ಗಾಲಿಮನಿ ಅದಕ್ಕಿಂತ ಹೆಚ್ಚು ಕುಡಸತೈತಿ, ಖರೆ. ಆದ್ರ ಅದರಾಗ ಔಷಧ ಐತಿ.”

ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಾವಕಾರರು ರಸ್ತೆಗಿಳಿದು ನಿಂತರು. ತಲೆ ಎತ್ತಿ ತಮ್ಮ ಹೆಸರನ್ನು ಓದಿಕೊಂಡರು. ಅಂಗಡಿಯವರ ಎದುರು ಅದನ್ನು ಇಳಿಸುವುದೆಂದರೆ ಮರ್ಯಾದೆಯನ್ನೇ ಇಳಿಸಿದಂತೆ ಅನಿಸಿತು. ಅಷ್ಟರಲ್ಲಿ ಡಾಕ್ಟರ ಫೋನು ರಿಂಗಾಯಿತು. ಮಾಳಪ್ಪನ ದನಿ ಹೊರಗಿನವರೆಗೂ ಕೇಳಿಸಿತು: “ಅವ್ವಾ, ಎಲ್ಲಿದ್ದೀರಿ? ಆಚೆ ಹಿಂಡಿನಾಗ ಮತ್ತ ಸತ್ತಾವ. ನನ್ನ ಮರಿಗೋಳು ಅದಾವ್ರೀ...”

ಸಾವಕಾರರು ಧೋತರ ಮೇಲೆ ಕಟ್ಟಿದರು. “ಪಾನಾ ಕೊಡ್ರಿ ಇಲ್ಲಿ, ಬೋಲ್ಟು ತಿರುವಾಕ.”

“ನಾನು ಬಿಚ್ಚತೇನ್ರಿ.”

“ಏರಿಸಿದಾಂವ ನಾನು. ಇಳಿಸೂದೂ ನಾನ.”

ಜೀಪಿನ ಮುಂಭಾಗದ ಮೇಲೆ ಹತ್ತಿ, ಗಾಳಿಗೆ ಧೋತರ ಪಟಪಟ ಹಾರುತ್ತಿರಲು, ಅವರು ಬೋಲ್ಟುಗಳನ್ನು ತಿರುವಿದರು. ಚಹಾದಂಗಡಿಯ ಹೆಂಗಸು ಬಂದು ಕೆಳಗಿನಿಂದ ಕೈಜೋಡಿಸಿದಳು. ಪೆಟ್ಟಿಗೆಯನ್ನು ಅಂಗಡಿಯ ಹಿಂದೆ ಇಟ್ಟರು.

“ಇದ್ಯಾರ ಹೆಸರ್ರೀ?” ಎಂದಳು ಆಕೆ.

“ಯಾರದೋ,” ಎಂದು ಸಾವಕಾರರು ಜೀಪು ಹತ್ತಿದರು.

ಡಾಕ್ಟರ್ ಈಗ ವೇಗ ತಗ್ಗಿಸಿ ಒಂದೇ ಹದದಲ್ಲಿ ಓಡಿಸಿದರು. ವೇಗ ಇಳಿದರೆ ಗಾಳಿಯ ಹೊಡೆತವೂ ಇಳಿಯುತ್ತದೆ. ನೆತ್ತಿಯ ಮೇಲಿನ ಗುಂಯ್ ಸದ್ದು ನಿಂತಿತ್ತು. ಸಾವಕಾರರು ಮಾತ್ರ ಕೆಂಪು ದೀಪದಿಂದ ಕಣ್ಣು ಕೀಳಲಿಲ್ಲ. ಏರು ಬಂದಾಗಲೆಲ್ಲ ತಾವೇ ಜೀಪನ್ನು ತಳ್ಳುವವರಂತೆ ಮುಂದಕ್ಕೆ ಬಾಗುತ್ತಿದ್ದರು.

ಬಯಲಿನ ದಂಡೆಯಲ್ಲಿ ಬಂಕು ಕಂಡಿತು. ಅಲ್ಲಿ ಡೀಸೆಲ್ ಇತ್ತು. ಜೀಪು ತನ್ನ ಕಾಲ ಮೇಲೆಯೇ ಹೋಗಿ ಪಂಪಿನ ಮುಂದೆ ನಿಂತಿತು. ಸಾವಕಾರರು ಹಿಡಿದಿಟ್ಟ ಉಸಿರು ಬಿಟ್ಟು ನಕ್ಕರು. “ನನ್ನ ಎದಿ ಪೂರ್ತಿ ಹಗುರ ಆತ್ ನೋಡ್ರಿ ಡಾಕ್ಟರ.”

ಮಾಳಪ್ಪನ ಬೀಡಿಗೆ ಹೋದಾಗ ಲಸಿಕೆ ತಣ್ಣಗೇ ಇತ್ತು. ಕುರಿಗಳಲ್ಲಿ ಒಂದಕ್ಕೂ ಜ್ವರ ಇರಲಿಲ್ಲ. ಡಾಕ್ಟರ್ ಸೂಜಿ ತೆಗೆದರು. ಹಿಡಿಯಲು ಜನ ಸಾಲಲಿಲ್ಲ. ಮಾಳಪ್ಪ ಸಾವಕಾರರನ್ನು ಯಾರೋ ಕೈಯಾಳು ಎಂದುಕೊಂಡು, “ಯಣ್ಣಾ, ನೋಡ್ತಾ ನಿಂದ್ರಬ್ಯಾಡ, ಆ ಟಗರು ಹಿಡಿ!” ಎಂದು ಕೂಗಿದ.

ಸಾವಕಾರರು ಹಿಡಿದರು. ಹೊತ್ತು ಇಳಿಯುವ ತನಕ ಒಂದೊಂದೇ ಕುರಿಯನ್ನು ಹಿಡಿದು ಕೊಟ್ಟರು. ಅವರ ಬಿಳಿ ಅಂಗಿಯ ತುಂಬ ಹಿಕ್ಕೆ, ಉಣ್ಣೆ, ಮಣ್ಣು.

ಆ ಹಿಂಡು ಉಳಿಯಿತು. ಹೊರಡುವಾಗ ಮಾಳಪ್ಪ ಬೊಗಸೆಯಲ್ಲಿ ಅವರ ಕೈ ಹಿಡಿದು, “ನಿನ್ನ ಹೆಸರು ಕೇಳೂದ ಮರತೆ ನೋಡಣ್ಣ. ಇರಲಿ, ನಿನ್ನ ಹೊಟ್ಟಿ ತಣ್ಣಗಿರಲಿ,” ಎಂದ.

ಸಾವಕಾರರು ಹೆಸರು ಹೇಳಲಿಲ್ಲ.

ನೀತಿ: ದಾನದ ಮೇಲೆ ಏರಿಸಿದ ಹೆಸರು ಖಾಲಿ ಪೆಟ್ಟಿಗೆಯಂತೆ, ತೂಕ ಕಾಣದು, ಆದರೆ ಎಳೆಯುವವರನ್ನು ದಣಿಸುತ್ತದೆ. ಹೊರಲೇಬೇಕಾದ ಹೊರೆ ಗುರಿ ಮುಟ್ಟಬೇಕಾದರೆ, ಹೊರಬೇಕಿಲ್ಲದ್ದನ್ನು ಮೊದಲು ಇಳಿಸಬೇಕು.